ವಾಚ್ ಕಟ್ಟಿದ ಕಡೆ ತುರಿಕೆ: ಯಾವ ಬೆಲ್ಟ್ ಯಾರ ಕೈಗೆ ಸರಿ?

ನಮ್ಮಪ್ಪ ತುಮಕೂರಿನ ಎಚ್‌ಎಂಟಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. 1978ರಲ್ಲಿ ಇಲ್ಲಿ ಶುರುವಾದ ಆ ಕಾರ್ಖಾನೆ ನಮ್ಮೂರಿನ ಎಷ್ಟೋ ಮನೆಗಳಿಗೆ ಅನ್ನ ಹಾಕಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಅಪ್ಪನ ಕೈಯಲ್ಲಿ ಜನತಾ ವಾಚು ಮಾತ್ರ ಇಂದಿಗೂ ಇದೆ. ಚರ್ಮದ ಬೆಲ್ಟು. ಬೆಳಿಗ್ಗೆ ಕೀ ಕೊಟ್ಟು ಕಟ್ಟಿಕೊಳ್ಳುತ್ತಾರೆ. ಮನೆಗೆ ಬಂದ ತಕ್ಷಣ ಬಿಚ್ಚಿ ಗೋಡೆಯ ಮೊಳೆಗೆ ತಗಲಿಹಾಕುತ್ತಾರೆ. ಇಷ್ಟು ವರ್ಷಗಳಲ್ಲಿ ಅವರ ಮಣಿಕಟ್ಟಿನ ಮೇಲೆ ಒಂದು ಗುಳ್ಳೆ ಎದ್ದಿದ್ದನ್ನು ನಾನು ನೋಡಿಲ್ಲ.

ನನಗೆ ಹಾಗಾಗಲಿಲ್ಲ. ಹೋದ ವರ್ಷ ಮಾರ್ಚ್‌ನಲ್ಲಿ ಸ್ಮಾರ್ಟ್‌ವಾಚ್ ಕೊಂಡೆ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವಳು ನಾನು. ಹೆಜ್ಜೆ ಎಣಿಸಲಿ, ನಿದ್ದೆ ಅಳೆಯಲಿ ಅಂತ ಹಗಲು ರಾತ್ರಿ ಕಟ್ಟಿಕೊಂಡೇ ಇದ್ದೆ. ಸ್ನಾನಕ್ಕೂ ಬಿಚ್ಚಲಿಲ್ಲ. ನೀರು ಬಿದ್ದರೆ ಏನೂ ಆಗಲ್ಲ ಅಂತ ಡಬ್ಬಿಯ ಮೇಲೆ ಬರೆದಿತ್ತಲ್ಲ! ಮೂರು ವಾರಕ್ಕೆ ಬೆಲ್ಟಿನ ಕೆಳಗೆಲ್ಲ ಕೆಂಪಗಾಯಿತು, ಉರಿ ಶುರುವಾಯಿತು. ಇದು ರಬ್ಬರ್ ಬೆಲ್ಟಿನದ್ದೇ ತಪ್ಪು ಅಂದುಕೊಂಡು ಒಂದು ಸ್ಟೀಲ್ ಚೈನ್ ಕೊಂಡು ಹಾಕಿದೆ. ಎರಡೇ ದಿನಕ್ಕೆ ಸಣ್ಣ ಸಣ್ಣ ನೀರುಗುಳ್ಳೆ. ನವೆ ತಡೆಯಲಾಗದೆ ರಾತ್ರಿ ಎದ್ದು ಕೂರುತ್ತಿದ್ದೆ.

ಆಮೇಲೆ ಚರ್ಮದ ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು. ಒಂದೇ ಜಾಗದಲ್ಲಿ ಬಂದಿದ್ದರೂ ಅವು ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದು ಬೆವರಿನದು, ಎರಡನೆಯದು ಲೋಹದ ಅಲರ್ಜಿ. ಮೊದಲನೆಯದಕ್ಕೆ ಬೆಲ್ಟ್ ಬದಲಿಸುವ ಅಗತ್ಯವೇ ಇರಲಿಲ್ಲ. ಎರಡನೆಯದನ್ನು ನಾನೇ ದುಡ್ಡು ಕೊಟ್ಟು ತಂದುಕೊಂಡೆ. ಅದಕ್ಕೇ ಹೇಳುತ್ತಿದ್ದೇನೆ: ಯಾವ ಬೆಲ್ಟ್ ಒಳ್ಳೆಯದು ಅಂತ ಕೇಳುವ ಮೊದಲು ನಿಮ್ಮ ಕೈ ಮೇಲಿನ ಗುರುತನ್ನು ಸರಿಯಾಗಿ ನೋಡಿ. ಉತ್ತರ ಮುಕ್ಕಾಲು ಪಾಲು ಅಲ್ಲೇ ಇರುತ್ತದೆ.

ಗುರುತು ಎಲ್ಲಿದೆ, ಎಷ್ಟು ಹೊತ್ತಿಗೆ ಬಂತು

ವಾಚ್ ಬಿಚ್ಚಿ, ಕಿಟಕಿಯ ಬೆಳಕಿನಲ್ಲಿ ಕೈ ನೋಡಿ. ಬೆಲ್ಟ್ ಸುತ್ತಿದ ಕಡೆಯೆಲ್ಲ ಒಂದೇ ಸಮನೆ ಕೆಂಪಗಿದೆಯಾ? ಮುಟ್ಟಿದರೆ ಉರಿ, ಚುರುಚುರು ಜಾಸ್ತಿ, ನವೆ ಕಡಿಮೆ ಅನ್ನಿಸುತ್ತದಾ? ಅಂಚು ಬೆಲ್ಟಿನ ಅಂಚಿನಲ್ಲೇ ನಿಂತಿದೆಯಾ? ಹಾಗಿದ್ದರೆ ಅದು ಬಹುಪಾಲು ಬೆವರು, ಸೋಪು ಮತ್ತು ಉಜ್ಜಾಟದ ಕೆಲಸ. ಬೆಲ್ಟಿನ ಕೆಳಗೆ ನೀರು ನಿಲ್ಲುತ್ತದೆ. ಚರ್ಮ ನೆನೆದು ಮೆತ್ತಗಾಗುತ್ತದೆ. ಅದರ ಮೇಲೆ ಬೆಲ್ಟ್ ಉಜ್ಜುತ್ತದೆ. ಪಾತ್ರೆ ತೊಳೆದ ಸೋಪು, ಕೈಗೆ ಹಾಕಿಕೊಂಡ ಸ್ಯಾನಿಟೈಸರ್, ಬಿಸಿಲಿಗೆ ಹಚ್ಚಿದ ಕ್ರೀಮು ಎಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಇದು ಅಲರ್ಜಿ ಅಲ್ಲ. ಯಾರಿಗೆ ಬೇಕಾದರೂ ಬರಬಹುದು. ವಾಚ್ ತುರಿಕೆಯಲ್ಲಿ ಜಾಸ್ತಿ ಕಾಣುವುದೂ ಇದೇ. ವಾಚ್ ಬಿಚ್ಚಿಟ್ಟರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ.

ಅಲರ್ಜಿಯ ನಡೆ ಬೇರೆ. ಅದರಲ್ಲಿ ನವೆಯೇ ಮುಂದು. ಗುಳ್ಳೆ ಏಳಬಹುದು, ನೀರು ಒಸರಬಹುದು. ಮೊದಲು ಬಕಲ್ ಕೂತ ಜಾಗದಲ್ಲಿ ಒಂದು ಕಾಸಿನಷ್ಟು ಅಗಲ ಇರುತ್ತದೆ. ಆಮೇಲೆ ಅಂಚು ದಾಟಿ ಹರಡುತ್ತದೆ. ವಾಚ್ ಕಟ್ಟಿದ ತಕ್ಷಣ ಬರುವುದಿಲ್ಲ. ಒಂದರಿಂದ ಮೂರು ದಿನ ಬಿಟ್ಟು ಬರುತ್ತದೆ. ಹೀಗೆ ತಡವಾಗಿ ಬರುವುದರಿಂದಲೇ ಜನ ಮೋಸ ಹೋಗುತ್ತಾರೆ. ಭಾನುವಾರ ಕಟ್ಟಿದ ಚೈನಿಗೆ ಮಂಗಳವಾರ ಗುಳ್ಳೆ ಎದ್ದರೆ, ಸೋಮವಾರ ತಿಂದ ಬದನೆಕಾಯಿಯ ಮೇಲೆ ತಪ್ಪು ಹೋಗುತ್ತದೆ. ನಮ್ಮ ಅಜ್ಜಿ ಹಾಗೇ ಹೇಳಿದ್ದರು. "ನಂಜಾಗಿದೆ, ಬದನೆಕಾಯಿ ಬಿಡು" ಅಂತ. ನಾನು ಒಂದು ತಿಂಗಳು ಬಿಟ್ಟೆ. ಚೈನ್ ಮಾತ್ರ ಕೈಯಲ್ಲೇ ಇತ್ತು, ನವೆಯೂ ಕೈಯಲ್ಲೇ ಇತ್ತು. ಇನ್ನೊಂದು ಮಾತು. ಅಲರ್ಜಿ ಬಂದ ಮೇಲೆ ವಸ್ತು ತೆಗೆದರೂ ಅದು ಪೂರ್ತಿ ಆರಲು ಎರಡು ಮೂರು ವಾರ ಬೇಕಾಗಬಹುದು. ನಾಲ್ಕು ದಿನದಲ್ಲಿ ಹೋಗಲಿಲ್ಲ ಅಂತ ಗಾಬರಿಯಾಗಬೇಡಿ.

ಲೋಹದ ಅಲರ್ಜಿಗೆ ಎಷ್ಟೋ ಸಲ ಹಳೆಯ ಸುಳಿವು ಇರುತ್ತದೆ. ಒಂದು ಗ್ರಾಂ ಗೋಲ್ಡ್ ಓಲೆ ಹಾಕಿದರೆ ಕಿವಿ ಕೀವಾಗುತ್ತಿತ್ತಾ? ಜೀನ್ಸ್ ಗುಂಡಿ ತಾಗುವ ಕಡೆ, ಹೊಕ್ಕುಳ ಕೆಳಗೆ ಕಪ್ಪಗಿನ ಒರಟು ಗುರುತು ಇದೆಯಾ? ಹೌದು ಅನ್ನುವುದಾದರೆ ನಿಕಲ್ ಅನ್ನುವ ಲೋಹದ ಮೇಲೆ ಅನುಮಾನ ಪಡಿ. ನನಗೆ ಕಾಲೇಜಿನ ದಿನಗಳಿಂದಲೂ ಓಲೆಯ ತೊಂದರೆ ಇತ್ತು. ಅದನ್ನೂ ವಾಚನ್ನೂ ಸೇರಿಸಿ ಯೋಚಿಸಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಈ ಅಲರ್ಜಿ ಜಾಸ್ತಿ. ಕಿವಿ ಚುಚ್ಚಿದ ಹಸಿ ಗಾಯದ ಮೂಲಕ ನಿಕಲ್ ಮೈಗೆ ಪರಿಚಯವಾಗುವುದು ಅದಕ್ಕೆ ಒಂದು ದೊಡ್ಡ ಕಾರಣ. ಒಮ್ಮೆ ಪರಿಚಯವಾದರೆ ಮೈ ಅದನ್ನು ಸಾಮಾನ್ಯವಾಗಿ ಜೀವನಪೂರ್ತಿ ನೆನಪಿಟ್ಟುಕೊಳ್ಳುತ್ತದೆ.

ವಾಚಿನದ್ದೇ ಅಲ್ಲದ ಎರಡು ಸಂಗತಿಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗುಂಡಗೆ, ಅಂಚು ಉಬ್ಬಿ, ನಡುವೆ ತಿಳಿಯಾಗುತ್ತಾ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದ್ದರೆ ಅದು ಹುಳುಕಡ್ಡಿ ಇರಬಹುದು. ಬೆವರು ನಿಂತ ಬೆಲ್ಟಿನ ಕೆಳಗೆ ಅದಕ್ಕೆ ಒಳ್ಳೆ ಜಾಗ. ಇನ್ನೊಂದು ನಮ್ಮ ಕಡೆಯ ಕಾಂಗ್ರೆಸ್ ಗಿಡ. ಖಾಲಿ ಸೈಟು, ಹೊಲದ ಬದು, ಕೆರೆ ಏರಿ ಎಲ್ಲಿ ನೋಡಿದರೂ ಅದೇ. ಅದರಿಂದ ಬರುವ ಅಲರ್ಜಿ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಂಥ ಕಡೆ ಕಾಣಿಸುತ್ತದೆ. ಅದು ವಾಚಿನ ಕೆಳಗಷ್ಟೇ ಬಂದು ನಿಲ್ಲುವುದಿಲ್ಲ. ಎಡಗೈಯಲ್ಲಿ ವಾಚ್ ಇದ್ದು ಎರಡೂ ಕೈ ತುರಿಸುತ್ತಿದ್ದರೆ ವಾಚನ್ನು ಬಿಟ್ಟು ಬೇರೆ ಕಡೆ ಹುಡುಕಿ.

ಸಿಲಿಕೋನ್ ಬೆಲ್ಟ್: ಬಿಸಾಡುವ ಮೊದಲು ಬಿಚ್ಚಿಟ್ಟು ನೋಡಿ

ಹೆಚ್ಚಿನ ವಾಚ್‌ಗಳ ಜೊತೆ ಬರುವುದು ಇದೇ. ಜನ ಇದನ್ನು ರಬ್ಬರ್ ಬೆಲ್ಟ್ ಅನ್ನುತ್ತಾರೆ. ಒಳ್ಳೆ ಸಿಲಿಕೋನ್‌ಗೆ ಅಲರ್ಜಿ ಆಗುವುದು ತೀರಾ ಅಪರೂಪ. ಆದರೆ ಅದು ಗಾಳಿ ಆಡಲು ಬಿಡುವುದಿಲ್ಲ, ಬೆವರು ಹೀರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಪಾವಗಡ, ಮಧುಗಿರಿ ಕಡೆಯ ಬಿಸಿಲಿನಲ್ಲಿ ಓಡಾಡುವವರಿಗೆ ಬೆಲ್ಟಿನ ಕೆಳಗೆ ಅರ್ಧ ಗಂಟೆಯಲ್ಲಿ ಪಿಚಪಿಚ ಅನ್ನುತ್ತದೆ. ತೊಂದರೆ ಅಲ್ಲಿಂದ ಶುರು.

ಹಾಗಾಗಿ ನಿಮ್ಮದು ಬೆವರಿನ ತುರಿಕೆಯಾದರೆ ಮೊದಲು ದುಡ್ಡು ಖರ್ಚು ಮಾಡಬೇಡಿ. ಚರ್ಮ ಪೂರ್ತಿ ಆರುವವರೆಗೆ ವಾಚ್ ಬಿಚ್ಚಿಡಿ. ಆಮೇಲೆ ಒಂದು ಬೆರಳು ಸಲೀಸಾಗಿ ನುಸುಳುವಷ್ಟು ಸಡಿಲವಾಗಿ, ಮಣಿಕಟ್ಟಿನ ಮೂಳೆಯಿಂದ ಸ್ವಲ್ಪ ಮೇಲೆ ಕಟ್ಟಿ. ವಾಕಿಂಗ್ ಹೋಗುವಾಗ ಎದೆಬಡಿತ ಸರಿಯಾಗಿ ತೋರಿಸಲಿ ಅಂತ ಒಂದು ತೂತು ಬಿಗಿ ಮಾಡಿದರೆ, ಮನೆಗೆ ಬಂದ ಮೇಲೆ ಸಡಿಲ ಮಾಡಿ. ಅಮಾನಿಕೆರೆ ಸುತ್ತ ನಡೆದು ಬಂದ ಮೇಲೆ ನಾನು ಈಗ ಮೊದಲು ಮಾಡುವ ಕೆಲಸ ಬೆಲ್ಟ್ ತೊಳೆಯುವುದು. ಸ್ವಲ್ಪ ಸೋಪು, ಜಾಸ್ತಿ ನೀರು, ಆಮೇಲೆ ಒಣ ಬಟ್ಟೆ. ನಮ್ಮ ಬೋರ್‌ವೆಲ್ ನೀರು ಗಡಸು. ಸೋಪಿನ ಜಿಡ್ಡು ಬೇಗ ಬಿಡುವುದಿಲ್ಲ, ಬಿಳಿ ಪೊರೆಯ ಹಾಗೆ ಉಳಿಯುತ್ತದೆ. ಅದೇ ಮತ್ತೆ ಚರ್ಮ ಕೆರಳಿಸುತ್ತದೆ. ಅದಕ್ಕೆ ಸೋಪು ಹಚ್ಚುವುದಕ್ಕಿಂತ ತೊಳೆಯುವುದರ ಮೇಲೆ ಗಮನ ಇರಲಿ.

ಹೆಂಗಸರಿಗೆ ಒಂದು ಮಾತು. ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ದಯವಿಟ್ಟು ವಾಚ್ ಬಿಚ್ಚಿ. ನೀರಿನಿಂದ ವಾಚಿಗೆ ಏನೂ ಆಗದೇ ಇರಬಹುದು. ಬೆಲ್ಟಿನ ಕೆಳಗೆ ನಿಂತ ಸೋಪುನೀರಿನಿಂದ ಕೈಗೆ ಆಗುತ್ತದೆ. ನನ್ನ ಅತ್ತಿಗೆಗೆ ಆರು ತಿಂಗಳ ತುರಿಕೆ ಈ ಒಂದೇ ಅಭ್ಯಾಸದಿಂದ ನಿಂತಿತು.

ಸಿಲಿಕೋನ್ ಅಂತ ಹೇಳಿ ಮಾರುವುದೆಲ್ಲ ಸಿಲಿಕೋನ್ ಅಲ್ಲ. ನೂರು ರೂಪಾಯಿ ಬೆಲ್ಟ್ ಬೇರೆ ಯಾವುದೋ ಪ್ಲಾಸ್ಟಿಕ್ ಆಗಿರಬಹುದು. ಮೂಗಿಗೆ ಹಿಡಿದರೆ ಗಾಟು ವಾಸನೆ ಬರುವ, ಕೈಗೆ ಬಣ್ಣ ಬಿಡುವ ಬೆಲ್ಟನ್ನು ಕೊಳ್ಳಬೇಡಿ. ಇನ್ನು ನಿಜವಾದ ರಬ್ಬರ್ ಬೆಲ್ಟ್‌ಗಳಲ್ಲಿ ರಬ್ಬರನ್ನು ಗಟ್ಟಿ ಮಾಡಲು ಬಳಸುವ ಥಯೂರಾಮ್, ಕಾರ್ಬಮೇಟ್ ಅನ್ನುವ ರಾಸಾಯನಿಕಗಳು ಕೆಲವರಿಗೆ ಅಲರ್ಜಿ ತರುತ್ತವೆ. ರಬ್ಬರ್ ಗ್ಲೌಸ್ ಹಾಕಿ ಕೈ ಸುಲಿಸಿಕೊಂಡವರು, ವಸಂತನರಸಾಪುರದ ಕಾರ್ಖಾನೆಗಳಲ್ಲಿ ದಿನವಿಡೀ ಗ್ಲೌಸ್ ಹಾಕುವವರು ಇದನ್ನು ನೆನಪಿಟ್ಟುಕೊಳ್ಳಿ.

ದುಬಾರಿ ವಾಚ್‌ಗಳ ಮೆತ್ತನೆಯ ಬೆಲ್ಟು ಎಷ್ಟೋ ಸಲ ಸಿಲಿಕೋನ್ ಆಗಿರುವುದಿಲ್ಲ, ಫ್ಲೋರೋಇಲಾಸ್ಟೋಮರ್, ಅಂದರೆ ಫ್ಲೋರಿನ್ ಸೇರಿದ ಒಂದು ಬಗೆಯ ಕೃತಕ ರಬ್ಬರ್ ಆಗಿರುತ್ತದೆ. ಕೊಳೆ ಹಿಡಿಯುವುದಿಲ್ಲ, ಬೇಗ ಹರಿಯುವುದಿಲ್ಲ. ಆದರೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ಸಂಶೋಧಕರು 22 ಬೆಲ್ಟ್‌ಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ ಇಂಥ ಬೆಲ್ಟ್‌ಗಳಲ್ಲಿ ಪಿಎಫ್‌ಎಚ್‌ಎಕ್ಸ್‌ಎ ಅನ್ನುವ, ಪರಿಸರದಲ್ಲಿ ಸುಲಭವಾಗಿ ನಾಶವಾಗದ ರಾಸಾಯನಿಕ ಜಾಸ್ತಿ ಕಂಡುಬಂತು. ಅಗ್ಗದ ಬೆಲ್ಟ್‌ಗಳಿಗಿಂತ ದುಬಾರಿ ಬೆಲ್ಟ್‌ಗಳಲ್ಲೇ ಫ್ಲೋರಿನ್ ಹೆಚ್ಚಿತ್ತು. ಇದು ತುರಿಕೆಯ ವಿಚಾರ ಅಲ್ಲ. ಆದರೂ ಬೆಲೆ ಜಾಸ್ತಿಯಾದರೆ ಮೈಗೆ ಒಳ್ಳೆಯದು ಅನ್ನುವ ನಂಬಿಕೆಯಿಂದ ಕೊಳ್ಳುವವರು ಇದನ್ನು ತಿಳಿದಿರಲಿ. ಈ ಎರಡರ ನಡುವೆ ಆಯ್ಕೆ ಇದ್ದರೆ ನಾನು ಸಾದಾ ಸಿಲಿಕೋನನ್ನೇ ಆರಿಸುತ್ತೇನೆ.

ನೈಲಾನ್ ಬೆಲ್ಟ್: ನನ್ನ ಕೈಯಲ್ಲಿ ಈಗ ಇರುವುದು

ನೇಯ್ದ ನೈಲಾನ್ ಬಟ್ಟೆಯ ಬೆಲ್ಟಿನಲ್ಲಿ ಗಾಳಿ ಆಡುತ್ತದೆ. ಬೆವರು ಬಟ್ಟೆಗೆ ಹೋಗಿ ಅಲ್ಲಿಂದ ಆರುತ್ತದೆ. ತುಂಬಾ ಬೆವರುವವರಿಗೆ, ರಾತ್ರಿಯೂ ಕಟ್ಟಲೇಬೇಕಾದವರಿಗೆ ಇದೇ ನನ್ನ ಮೊದಲ ಸಲಹೆ. ವೆಲ್ಕ್ರೋ ಪಟ್ಟಿ ಇರುವುದನ್ನು ತಗೊಂಡರೆ ಇನ್ನೂ ಎರಡು ಲಾಭ ಇವೆ. ಲೋಹದ ಬಕಲ್ ಚರ್ಮಕ್ಕೆ ತಾಗುವುದಿಲ್ಲ. ತೂತುಗಳ ಲೆಕ್ಕವಿಲ್ಲದೆ ಬೇಕಾದಷ್ಟೇ ಸಡಿಲ ಮಾಡಿಕೊಳ್ಳಬಹುದು.

ಆದರೆ ಬಟ್ಟೆ ಅಂದ ಮೇಲೆ ಒಗೆಯಲೇಬೇಕು. ನಿನ್ನೆಯ ಬೆವರು ಒಣಗಿ ಉಪ್ಪಾಗಿ ಕೂತ ನೈಲಾನ್, ಸಿಲಿಕೋನ್‌ಗಿಂತ ಕೆಟ್ಟದ್ದು. ಒರಟಾಗಿ ಉಜ್ಜುತ್ತದೆ, ವಾಸನೆ ಬರುತ್ತದೆ. ಒದ್ದೆ ಬೆಲ್ಟನ್ನು ಹಾಗೇ ಕಟ್ಟಿಕೊಂಡರೆ ಗಾಳಿ ಆಡುವ ಬೆಲ್ಟ್ ತಗೊಂಡು ಏನು ಉಪಯೋಗ? ಅದಕ್ಕೇ ನಾನು ಎರಡು ಕೊಂಡೆ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಒಂದಕ್ಕೆ 250 ರೂಪಾಯಿ ಕೊಟ್ಟೆ. ಒಂದು ಕೈಯಲ್ಲಿ, ಇನ್ನೊಂದು ಬಟ್ಟೆ ಒಣಹಾಕುವ ತಂತಿಯ ಮೇಲೆ. ಮಳೆಗಾಲದಲ್ಲಿ ಒಣಗಲು ಒಂದು ದಿನ ಹಿಡಿಯುತ್ತದೆ. ಆಗ ಎರಡು ಇರುವುದರ ಬೆಲೆ ಗೊತ್ತಾಗುತ್ತದೆ.

ಗಾಢ ಬಣ್ಣದ ಬೆಲ್ಟ್ ಬೇಡ. ಸಿಂಥೆಟಿಕ್ ಬಟ್ಟೆಗೆ ಹಾಕುವ ಕೆಲವು ಬಣ್ಣಗಳು, ಅದರಲ್ಲೂ ಕಡುನೀಲಿ ಮತ್ತು ಕಪ್ಪಿನಂಥವು, ಕೆಲವರಿಗೆ ಅಲರ್ಜಿ ಮಾಡುತ್ತವೆ. ತಿಳಿಬಣ್ಣದ್ದು ತಗೊಂಡು, ಹೊಸದರಲ್ಲೇ ಎರಡು ಸಲ ಒಗೆದು ಕಟ್ಟಿ.

ಸ್ಟೀಲ್ ಚೈನ್, ಟೈಟಾನಿಯಂ ಚೈನ್: ಇಲ್ಲಿ ಎಚ್ಚರ ಬೇಕು

ನಾನು ಎಡವಿದ್ದು ಇಲ್ಲಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಂಗಡಿಯಲ್ಲಿ ಚೈನ್ ತೋರಿಸುತ್ತಾ, "ಅಕ್ಕಾ, ಇದು ಪ್ಯೂರ್ ಸ್ಟೀಲ್, ನೋಡಿ ಮ್ಯಾಗ್ನೆಟ್ ಹಿಡಿಯಲ್ಲ" ಅಂದರು. ಪಾತ್ರೆ ಅಂಗಡಿಯಲ್ಲಿ ನಮ್ಮಮ್ಮ ಮಾಡುವ ಪರೀಕ್ಷೆಯೂ ಅದೇ. ಅಡುಗೆ ಪಾತ್ರೆಗೆ ಅದು ಸರಿ. ನಿಕಲ್ ಅಲರ್ಜಿ ಇರುವವರಿಗೆ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಏಕೆಂದರೆ ಒಳ್ಳೆ ಸ್ಟೀಲು ಮ್ಯಾಗ್ನೆಟ್‌ಗೆ ಅಂಟದಿರಲು ಮುಖ್ಯ ಕಾರಣವೇ ಅದರೊಳಗಿನ ನಿಕಲ್. 304 ಅನ್ನುವ ಸ್ಟೀಲಿನಲ್ಲಿ ಸುಮಾರು 8ರಿಂದ 10 ಶೇಕಡ ನಿಕಲ್ ಇರುತ್ತದೆ. ವಾಚ್‌ಗಳಿಗೆ ಬಳಸುವ 316ಎಲ್ ಸ್ಟೀಲಿನಲ್ಲಿ 10ರಿಂದ 14 ಶೇಕಡ.

ಹಾಗಾದರೆ ಒಳ್ಳೆ ಸ್ಟೀಲೇ ಜಾಸ್ತಿ ಅಪಾಯವಾ? ಅಲ್ಲ. ಒಳಗೆ ಎಷ್ಟು ನಿಕಲ್ ಇದೆ ಅನ್ನುವುದಕ್ಕಿಂತ ಬೆವರಿಗೆ ಎಷ್ಟು ಹೊರಬರುತ್ತದೆ ಅನ್ನುವುದು ಮುಖ್ಯ. 316ಎಲ್ ಸ್ಟೀಲಿನ ಮೇಲೆ ಕ್ರೋಮಿಯಂನಿಂದ ಆದ ತೆಳ್ಳನೆ ಪೊರೆ ಇರುತ್ತದೆ. ಅದು ನಿಕಲನ್ನು ಒಳಗೇ ಹಿಡಿದಿಡುತ್ತದೆ. ಬಹಳ ಜನ ಅಲರ್ಜಿ ಇರುವವರೂ ಇದನ್ನು ತಡೆದುಕೊಳ್ಳುತ್ತಾರೆ. ಅಪಾಯ ಇರುವುದು ಅಗ್ಗದ ಚೈನ್‌ಗಳಲ್ಲಿ. ಒಳಗೆ ಬೇರೆ ಲೋಹ, ಮೇಲೆ ನಿಕಲ್ ಲೇಪ, ಅದರ ಮೇಲೆ ಬಂಗಾರದ ಬಣ್ಣವೋ ಬೆಳ್ಳಿ ಹೊಳಪೋ. ಬೆವರಿನ ಉಪ್ಪಿಗೆ, ಉಜ್ಜಾಟಕ್ಕೆ ಮೇಲಿನ ಪದರ ಸವೆಯುತ್ತದೆ. ಆಮೇಲೆ ನಿಕಲ್ ನೇರವಾಗಿ ಚರ್ಮಕ್ಕೆ ತಾಗುತ್ತದೆ. ನಾನು ಕೊಂಡದ್ದು ಅಂಥದ್ದೇ.

ಯುರೋಪಿನಲ್ಲಿ ಇದಕ್ಕೆ ಕಾನೂನು ಇದೆ. 1994ರಲ್ಲೇ ನಿಯಮ ಮಾಡಿದರು. ಚರ್ಮಕ್ಕೆ ದೀರ್ಘಕಾಲ ತಾಗುವ ವಸ್ತುವಿನಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರ್‌ಗೆ 0.5 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕಲ್ ಹೊರಬರಬಾರದು. ವಾಚಿನ ಬೆಲ್ಟು, ಚೈನು, ಓಲೆ, ಗುಂಡಿ ಎಲ್ಲ ಇದರಲ್ಲಿ ಸೇರುತ್ತವೆ. ಈಗ ಅದು ರೀಚ್ (REACH) ಅನ್ನುವ, ರಾಸಾಯನಿಕಗಳ ಮೇಲಿನ ಕಾನೂನಿನ ಭಾಗ. ನೀವು ಚೈನ್ ಕೊಳ್ಳುವಾಗ ಕಂಪನಿಯ ವಿವರದಲ್ಲಿ ರೀಚ್ ಮಿತಿಯೊಳಗಿದೆ ಎಂದು ಬರೆದಿದೆಯಾ ನೋಡಿ. ಇದ್ದರೆ ಅದು ಭರವಸೆಯ ಮಾತು. ಆದರೂ ತುಂಬಾ ಸೂಕ್ಷ್ಮ ಚರ್ಮದವರಿಗೆ ಆ ಅಳತೆಯೊಳಗೂ ತೊಂದರೆ ಆಗಬಹುದು.

ಮನೆಯಲ್ಲೇ ಪರೀಕ್ಷಿಸುವ ನಿಕಲ್ ಟೆಸ್ಟ್ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಡೈಮಿಥೈಲ್‌ಗ್ಲಯಾಕ್ಸಿಮ್ ದ್ರಾವಣದ ಹನಿಗಳನ್ನು ಹತ್ತಿಯ ಕಡ್ಡಿಗೆ ಹಾಕಿ ಲೋಹದ ಮೇಲೆ ಅರ್ಧ ನಿಮಿಷ ಉಜ್ಜಬೇಕು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಹೊರಬರುತ್ತಿದೆ ಎಂದು ಅರ್ಥ. ನನ್ನ ಚೈನ್ ಉಜ್ಜಿದಾಗ ಹತ್ತಿ ಗುಲಾಬಿಯಾಯಿತು. ಅಪ್ಪನ ಜನತಾ ವಾಚಿನ ಹಿಂಬದಿ ಉಜ್ಜಿದಾಗ ಬಣ್ಣ ಬದಲಾಗಲೇ ಇಲ್ಲ. ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಅವರ ಮುಖದ ಮೇಲಿನ ಖುಷಿಯನ್ನು ನಾನು ಮರೆಯುವುದಿಲ್ಲ.

ಮ್ಯಾಗ್ನೆಟ್‌ನಿಂದ ಅಂಟುವ ಜಾಲರಿ ಚೈನ್ ಈಗ ಫ್ಯಾಷನ್. ಅದರ ಮ್ಯಾಗ್ನೆಟ್‌ಗೆ ಸಾಮಾನ್ಯವಾಗಿ ನಿಕಲ್ ಲೇಪ ಇರುತ್ತದೆ. ಮೇಲಿನ ಹೊದಿಕೆ ಸವೆದರೆ ಅದು ಚರ್ಮಕ್ಕೆ ತಾಗುತ್ತದೆ. ನಿಕಲ್ ಆಗದವರು ಈ ಕಡೆ ಹೋಗದಿರುವುದೇ ವಾಸಿ.

ಟೈಟಾನಿಯಂ ಇದಕ್ಕೆಲ್ಲ ಒಳ್ಳೆ ಉತ್ತರ. ಅದಕ್ಕೆ ಅಲರ್ಜಿ ಆಗುವುದು ಬಹಳ ಅಪರೂಪ, ಹಗುರ ಬೇರೆ. ಬೆಲೆ ಮಾತ್ರ ಜಾಸ್ತಿ. ಮೇಲಿನ ಬಣ್ಣ ಮಾತ್ರ ಟೈಟಾನಿಯಂ ಥರ ಇರುವ ಚೈನ್‌ಗಳೂ ಬರುತ್ತವೆ. ಸ್ಟೀಲಿನದನ್ನು ಒಂದು ಕೈಯಲ್ಲಿ, ಇದನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿ ನೋಡಿ. ಒಂದೇ ಗಾತ್ರದ ಟೈಟಾನಿಯಂ, ಸ್ಟೀಲಿನ ತೂಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಷ್ಟು ದುಡ್ಡು ಕೊಡಲು ಆಗದಿದ್ದರೆ ಬೇಸರ ಬೇಡ. ವೆಲ್ಕ್ರೋ ಇರುವ ನೈಲಾನ್ ಬೆಲ್ಟ್ ನಿಕಲ್ ಅಲರ್ಜಿಗೆ ಅಷ್ಟೇ ಚೆನ್ನಾಗಿ ಆಗುತ್ತದೆ, ಅದೂ 250 ರೂಪಾಯಿಗೆ.

ಬೆಲ್ಟ್ ಯಾವುದೇ ಇರಲಿ, ಬಕಲ್ ಮರೆಯಬೇಡಿ. ಸಿಲಿಕೋನ್ ಬೆಲ್ಟ್ ಕಟ್ಟಿದವರ ಮಣಿಕಟ್ಟಿನ ಒಳಗೆ ಒಂದೇ ಚೌಕ ಗುರುತು ಬಂದಿದ್ದರೆ ತಪ್ಪು ಬಕಲ್‌ದು. ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಪದರ ಹಚ್ಚಿದರೆ ಸ್ವಲ್ಪ ದಿನ ತಡೆಯುತ್ತದೆ. ಸವೆದ ಹಾಗೆ ಮತ್ತೆ ಹಚ್ಚಬೇಕು.

ಚರ್ಮದ ಬೆಲ್ಟ್

ನೋಡಲು ಚೆಂದ, ಅಪ್ಪನ ಕೈಗೆ ಒಪ್ಪುತ್ತದೆ. ಆದರೆ ಇಪ್ಪತ್ನಾಲ್ಕು ಗಂಟೆ ಕಟ್ಟುವ ಸ್ಮಾರ್ಟ್‌ವಾಚಿಗೆ ನಾನು ಇದನ್ನು ಹೇಳುವುದಿಲ್ಲ. ಬೆವರು ಕುಡಿಯುತ್ತದೆ, ತೊಳೆಯುವ ಹಾಗಿಲ್ಲ. ಜೊತೆಗೆ ಹೆಚ್ಚಿನ ಚರ್ಮವನ್ನು ಹದ ಮಾಡುವುದು ಕ್ರೋಮಿಯಂ ಲವಣದಿಂದ. ಅದೂ ಒಂದು ಅಲರ್ಜಿಯ ವಸ್ತು.

ಇದನ್ನು ಗಾರೆ ಕೆಲಸದವರು ಗಮನಿಸಬೇಕು. ಹಸಿ ಸಿಮೆಂಟಿನಲ್ಲೂ ಕ್ರೋಮಿಯಂ ಇರುತ್ತದೆ. ವರ್ಷಗಟ್ಟಲೆ ಬರಿಗೈಯಲ್ಲಿ ಸಿಮೆಂಟ್ ಕಲಸಿದ ಮೇಸ್ತ್ರಿಗಳ ಕೈ ಬಿರಿದು, ಒರಟಾಗಿ, ತುರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅದರಲ್ಲಿ ಎಷ್ಟೋ ಜನಕ್ಕೆ ಕ್ರೋಮಿಯಂ ಅಲರ್ಜಿ ಆಗಿರುತ್ತದೆ. ಅಂಥವರಿಗೆ ಚರ್ಮದ ವಾಚ್ ಬೆಲ್ಟು, ಚರ್ಮದ ಚಪ್ಪಲಿ ಎರಡೂ ಆಗುವುದಿಲ್ಲ. ನಮ್ಮ ಬೀದಿಯ ಮೇಸ್ತ್ರಿಯೊಬ್ಬರಿಗೆ ಮಗ ಚರ್ಮದ ಬೆಲ್ಟಿನ ವಾಚ್ ಕೊಡಿಸಿದ್ದ. ವಾರದಲ್ಲೇ ಗುಳ್ಳೆ. ಬೆಲ್ಟ್ ಬದಲಿಸಿದರು, ಆರಾಮವಾದರು. ಅವರು ಆ ವಾಚನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿಡಲಿಲ್ಲ ಅನ್ನುವುದು ನನಗೆ ಬಹಳ ಸಮಾಧಾನ. ಮಗ ಕೊಡಿಸಿದ್ದಲ್ವಾ.

ಬೆಲ್ಟ್ ಬದಲಿಸಿದರೂ ಹೋಗದಿದ್ದರೆ

ಆಗ ವಾಚಿನ ಹಿಂಬದಿ ನೋಡಿ. ಗುರುತು ಮಣಿಕಟ್ಟಿನ ಮೇಲ್ಭಾಗದಲ್ಲಿ, ವಾಚಿನ ಆಕಾರದಲ್ಲೇ ಇದೆಯಾ? ಹಸಿರು ದೀಪಕ್ಕೆ ಹೆದರಬೇಡಿ, ಅದು ನಾಡಿ ನೋಡುವ ಬರಿಯ ಬೆಳಕು. ಅನುಮಾನ ಪಡಬೇಕಾದದ್ದು ಅಲ್ಲಿ ನಿಂತ ಬೆವರು, ಚಾರ್ಜಿಂಗ್ ಪಿನ್‌ಗಳ ಲೋಹ, ಮತ್ತು ಭಾಗಗಳನ್ನು ಅಂಟಿಸಿದ ಗೋಂದು. ಈ ಗೋಂದಿನಲ್ಲಿ ಅಕ್ರಿಲೇಟ್, ಮೆಥಾಕ್ರಿಲೇಟ್ ಅನ್ನುವ ವಸ್ತುಗಳಿರುತ್ತವೆ. ಪೂರ್ತಿ ಗಟ್ಟಿಯಾದರೆ ತೊಂದರೆ ಇಲ್ಲ, ಸ್ವಲ್ಪ ಹಸಿ ಉಳಿದರೆ ಅಲರ್ಜಿ ತರಬಹುದು. ಬ್ಯೂಟಿ ಪಾರ್ಲರ್‌ಗಳಲ್ಲಿ ಜೆಲ್ ನೇಲ್ ಪಾಲಿಶ್ ಹಾಕುವವರಿಗೆ, ಹಾಕಿಸಿಕೊಳ್ಳುವವರಿಗೆ ಈ ಅಲರ್ಜಿ ಮೊದಲೇ ಬಂದಿರುವ ಸಾಧ್ಯತೆ ಇದೆ.

ಇದು ಸಣ್ಣ ವಿಚಾರ ಅಲ್ಲ ಅನ್ನುವುದಕ್ಕೆ 2014ರ ಘಟನೆಯೇ ಸಾಕ್ಷಿ. ಫಿಟ್‌ಬಿಟ್ ಫೋರ್ಸ್ ಅನ್ನುವ ಕೈಪಟ್ಟಿಯಿಂದ ಅಮೆರಿಕದಲ್ಲಿ ಸುಮಾರು 9,900 ಜನ ಚರ್ಮದ ತೊಂದರೆಯ ದೂರು ಕೊಟ್ಟರು. ಆ ವರ್ಷ ಮಾರ್ಚ್‌ನಲ್ಲಿ ಕಂಪನಿ ಅಲ್ಲಿ ಮಾರಿದ ಸುಮಾರು 10 ಲಕ್ಷ ಪಟ್ಟಿಗಳನ್ನು ವಾಪಸ್ ಕರೆಯಿತು. ಸ್ಟೀಲಿನ ನಿಕಲ್ ಅಥವಾ ಬೆಲ್ಟಿನ ವಸ್ತು, ಗೋಂದುಗಳಿಂದ ಅಲರ್ಜಿ ಆಗಿರಬಹುದು ಅಂತ ಕಂಪನಿಯೇ ಹೇಳಿತು. ಹಾಗಾಗಿ ಅಂಗಡಿಯವರು "ನಿಮ್ಮ ಸ್ಕಿನ್ನೇ ಸರಿಯಿಲ್ಲ" ಅಂದರೆ ಸುಮ್ನೆ ತಲೆ ತಗ್ಗಿಸಿ ಬರಬೇಡಿ. ಫೋಟೋ ತೆಗೆದಿಡಿ, ಬಿಲ್ ಇಟ್ಟುಕೊಳ್ಳಿ, ಕಂಪನಿಗೆ ಬರೆಯಿರಿ.

ಇಲ್ಲಿಗೆ ಬಂದ ಮೇಲೆ ಊಹೆ ಸಾಕು, ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿನ ಮೇಲೆ ನಿಕಲ್, ಕ್ರೋಮಿಯಂ, ರಬ್ಬರ್ ರಾಸಾಯನಿಕಗಳ ಸಣ್ಣ ಸಣ್ಣ ಪಟ್ಟಿ ಅಂಟಿಸುತ್ತಾರೆ. ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆ ಮಾಡುವ ಹಾಗಿಲ್ಲ, ಬೆವರಲೂ ಬಾರದು. ಹಾಗಾಗಿ ನಮ್ಮ ಕಡೆ ಬೇಸಿಗೆ ಬಿಟ್ಟು ಕಾರ್ತಿಕ, ಮಾರ್ಗಶಿರದ ಚಳಿಯಲ್ಲಿ ಮಾಡಿಸುವುದು ಸುಲಭ. ನಿಮ್ಮ ಬೆಲ್ಟನ್ನೂ ಜೊತೆಗೆ ಒಯ್ಯಿರಿ. ಅದರ ಚೂರನ್ನೂ ಅಂಟಿಸಿ ನೋಡಬಹುದು. ಎಲ್ಲ ಚರ್ಮದ ಕ್ಲಿನಿಕ್‌ನಲ್ಲೂ ಈ ಟೆಸ್ಟ್ ಇರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ.

ಲ್ಯಾಬ್‌ಗಳಲ್ಲಿ ಸಾವಿರಾರು ರೂಪಾಯಿಗೆ ಮಾಡುವ ರಕ್ತದ ಅಲರ್ಜಿ ಟೆಸ್ಟ್ ಇದಕ್ಕೆ ಬದಲಿ ಅಲ್ಲ. ಅದು ಧೂಳು, ಶೇಂಗಾದಂಥ ತಕ್ಷಣದ ಅಲರ್ಜಿಗೆ. ವಾಚಿನ ಅಲರ್ಜಿ ದೇಹದಲ್ಲಿ ನಡೆಯುವ ದಾರಿಯೇ ಬೇರೆ. ರಕ್ತದಲ್ಲಿ ಸಿಗುವುದಿಲ್ಲ. ಆ ದುಡ್ಡು ಉಳಿಸಿ.

ಮೆಡಿಕಲ್ ಶಾಪಿನ ಕ್ರೀಮೋ, ಡಾಕ್ಟರೋ

ಸಣ್ಣ ಕೆಂಪಿಗೆ ಎರಡೂ ಬೇಡ. ವಾಚ್ ಬಿಚ್ಚಿ, ತಣ್ಣೀರಲ್ಲಿ ತೊಳೆದು, ಒರೆಸಿ. ರಾತ್ರಿ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದರೆ ಒಣಗಿದ ಚರ್ಮ ಮೆತ್ತಗಾಗುತ್ತದೆ. ತಿಪಟೂರಿನ ಕೊಬ್ಬರಿ ನಮಗೆ ಮನೆ ಬಾಗಿಲಲ್ಲೇ ಇದೆಯಲ್ಲ. ಆದರೆ ಎಣ್ಣೆ ಹಚ್ಚಿದ ಮೇಲೆ ವಾಚ್ ಕಟ್ಟಬೇಡಿ. ನಿಂಬೆರಸ, ಆಂಟಿಸೆಪ್ಟಿಕ್ ದ್ರಾವಣ ಯಾವುದನ್ನೂ ಗಾಯದ ಮೇಲೆ ಹಾಕಬೇಡಿ. ಅವು ಉರಿಯನ್ನು ಹೆಚ್ಚಿಸುತ್ತವೆ. ಗಾಯಕ್ಕೆ ಹಾಕುವ ನಿಯೋಮೈಸಿನ್ ಪುಡಿ, ಮುಲಾಮು ಸ್ವತಃ ಅಲರ್ಜಿ ತರುವುದರಲ್ಲಿ ಹೆಸರುವಾಸಿ.

ನನ್ನ ದೊಡ್ಡ ಚಿಂತೆ ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೊಡುವ ಮಿಶ್ರಣದ ಕ್ರೀಮ್‌ಗಳ ಬಗ್ಗೆ. ಅವುಗಳಲ್ಲಿ ಜೋರಾದ ಸ್ಟೀರಾಯ್ಡ್, ಹುಳುಕಡ್ಡಿ ಔಷಧಿ, ಆಂಟಿಬಯೋಟಿಕ್ ಎಲ್ಲ ಒಟ್ಟಿಗೆ ಇರುತ್ತವೆ. ಹಚ್ಚಿದ ಮರುದಿನವೇ ನವೆ ಮಾಯ. ಬಿಟ್ಟರೆ ಮತ್ತೆ ಬರುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ, ಬಣ್ಣ ಹೋಗುತ್ತದೆ. ಅದು ಹುಳುಕಡ್ಡಿ ಆಗಿದ್ದರಂತೂ ಒಳಗೇ ಹರಡಿ ಗುಣವಾಗದ ಹಾಗೆ ಆಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಡಾಕ್ಟರ್ ಬರೆದುಕೊಟ್ಟ ಸ್ಟೀರಾಯ್ಡ್ ಕ್ರೀಮಿಗೆ ಹೆದರಬೇಕಿಲ್ಲ. ಎಷ್ಟು ದಿನ ಹೇಳಿದರೋ ಅಷ್ಟೇ ದಿನ ಹಚ್ಚಿ. ನನಗೆ ಏಳು ದಿನಕ್ಕೆ ಕೊಟ್ಟಿದ್ದರು, ಅಷ್ಟಕ್ಕೇ ನವೆ ನಿಂತಿತು.

ಬೊಬ್ಬೆ ಎದ್ದರೆ, ಕೀವು ಕಂಡರೆ, ಕೆಂಪು ಮೊಣಕೈ ಕಡೆ ಹರಿಯುತ್ತಿದ್ದರೆ, ಜ್ವರ ಬಂದರೆ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರು ಸಣ್ಣ ಗಾಯವನ್ನೂ ತೋರಿಸಿ.

ಅಂಗಡಿಗೆ ಹೋಗುವಾಗ

ವಾಚನ್ನು ಕೈಯಲ್ಲೇ ಒಯ್ಯಿರಿ. ಬೆಲ್ಟಿನ ಅಗಲ 18, 20, 22 ಮಿಲಿಮೀಟರ್ ಹೀಗೆ ಬೇರೆ ಬೇರೆ ಇರುತ್ತದೆ. ಕೆಲವು ಕಂಪನಿಗಳ ಕೊಂಡಿ ಬೇರೆ ಯಾವುದಕ್ಕೂ ಸೇರುವುದಿಲ್ಲ. ಹೊಸ ವಾಚನ್ನೇ ಕೊಳ್ಳುವವರು ಮೊದಲು ಮಾರುಕಟ್ಟೆಯಲ್ಲಿ ಸಿಗುವ ಸಾದಾ ಬೆಲ್ಟ್ ಕೂರುವಂಥದ್ದನ್ನು ಆರಿಸಿ. ಮುಂದೆ ಚರ್ಮಕ್ಕೆ ಒಗ್ಗದಿದ್ದರೆ 250 ರೂಪಾಯಿಯಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ವಾಚೇ ಬೀರು ಸೇರುತ್ತದೆ. ಹಿಂಬದಿ ಗಾಜು ಅಥವಾ ಸೆರಾಮಿಕ್ ಇದ್ದರೆ ನಿಕಲ್ ಆಗದವರಿಗೆ ಒಳ್ಳೆಯದು.

ಬೆರಳಿಗೆ ಹಾಕುವ ಸ್ಮಾರ್ಟ್ ಉಂಗುರ ಆಗಬಹುದಾ ಅಂತ ಕೇಳುವವರಿದ್ದಾರೆ. ಅಂಥ ಉಂಗುರದ ಹೊರಗೆ ಹೆಚ್ಚಾಗಿ ಟೈಟಾನಿಯಂ ಇರುತ್ತದೆ, ಅದು ಸರಿ. ಆದರೆ ಉಂಗುರದ ಕೆಳಗೂ ಸೋಪುನೀರು ನಿಲ್ಲುತ್ತದೆ. ಕೈ ತೊಳೆಯುವ ಕೆಲಸ ಜಾಸ್ತಿ ಇರುವವರಿಗೆ ಮಣಿಕಟ್ಟಿನ ತೊಂದರೆ ಬೆರಳಿಗೆ ಬರುತ್ತದೆ ಅಷ್ಟೇ. ಬರೀ ಹೆಜ್ಜೆ ಎಣಿಸಬೇಕಿದ್ದರೆ ಜೇಬಿನಲ್ಲಿರುವ ಫೋನೇ ಎಣಿಸುತ್ತದೆ.

ನಾನು ಈಗ ರಾತ್ರಿ ವಾಚ್ ಕಟ್ಟುವುದಿಲ್ಲ. ಸಂಜೆ ರೈಲು ಇಳಿದು ಮನೆಗೆ ಬಂದರೆ ಅಪ್ಪನ ಜನತಾ ವಾಚಿನ ಪಕ್ಕದಲ್ಲಿ ಇನ್ನೊಂದು ಮೊಳೆ ಇದೆ. ಬೆಲ್ಟ್ ತೊಳೆದು, ಅದಕ್ಕೆ ತಗಲಿಹಾಕುತ್ತೇನೆ.